ಕೆಟ್ಟ ರಕ್ತ ಅಂತ ಹೇಳಿ ತುಂಬಿಸಿದ ಬಾಟಲಿಗಳು

ಮೂರನೇ ಊರಿನಲ್ಲೂ ಬಾಟಲಿಗಳು ಖಾಲಿ ವಾಪಸ್ಸು ಹೋದರೆ ನೀನು ಇನ್ನು ಬರಬೇಡ ಎಂದು ಡಾಕ್ಟರ್ ಸಾಹೇಬರು ಹೇಳಿದ್ದರು. ಬೈದು ಹೇಳಲಿಲ್ಲ. ಕೈಗೆ ಸೋಪು ಉಜ್ಜಿಕೊಳ್ಳುತ್ತಾ, ನೊರೆ ನೋಡುತ್ತಾ ಹೇಳಿದರು. ಅದಕ್ಕೇ ನನಗೆ ನಿಜ ಅನ್ನಿಸಿತು.

ಯುದ್ಧದ ಕಾಲ. ಬರ್ಮಾ ಕಡೆ ಗುಂಡು ತಿಂದ ಸಿಪಾಯಿಗಳನ್ನು ರೈಲಿನಲ್ಲಿ ಬೆಂಗಳೂರಿನ ದಂಡಿನ ಆಸ್ಪತ್ರೆಗೆ ತರುತ್ತಿದ್ದರು. ಅವರಿಗೆ ಹಾಕಲು ರಕ್ತ ಬೇಕಿತ್ತು. ದಂಡಿನವರು ಕೊಟ್ಟದ್ದು ಸಾಲದೆ, ರಕ್ತ ತೆಗೆಯುವ ಒಂದು ವ್ಯಾನು ಸುತ್ತಲಿನ ತಾಲ್ಲೂಕುಗಳಿಗೆ ಬರುತ್ತಿತ್ತು. ಅದರಲ್ಲಿ ಡಾಕ್ಟರು, ಕಾಂಪೌಂಡರು, ಡ್ರೈವರು ಮತ್ತು ನಾನು. ಡಾಕ್ಟರು ಕಾಂಪೌಂಡರು ಇಬ್ಬರೂ ಉತ್ತರದ ಕಡೆಯವರು, ಅವರಿಗೆ ಕನ್ನಡ ಒಂದಕ್ಷರ ಬಾರದು. ಡ್ರೈವರು ದಂಡಿನ ತಮಿಳಿನವನು, ಹರಕು ಮುರುಕು ಕನ್ನಡ ಆಡುತ್ತಿದ್ದ. ನಾನು ದಂಡಿನ ಕುದುರೆ ಲಾಯಕ್ಕೆ ಹುಲ್ಲು ಹೊತ್ತು ಹಾಕುತ್ತಾ ಹಿಂದೂಸ್ತಾನಿ ಕಲಿತಿದ್ದೆ. ಓದಿದ್ದು ಎರಡನೇ ಕ್ಲಾಸು. ಹಿಂದಿನ ದಿನವೇ ಊರಿಗೆ ಹೋಗಿ ಜನರನ್ನು ಒಪ್ಪಿಸುವುದು, ಮಾರನೆಯ ದಿನ ಡಾಕ್ಟರ ಪಕ್ಕ ನಿಂತು ಅವರ ಮಾತನ್ನು ಜನಕ್ಕೆ, ಜನರ ಮಾತನ್ನು ಅವರಿಗೆ ಹೇಳುವುದು, ಇಷ್ಟೇ ನನ್ನ ಕೆಲಸ.

ಮೊದಲ ಊರು ದೇವನಹಳ್ಳಿ ಹತ್ತಿರದ ಚನ್ನರಾಯಪಟ್ಟಣ. ಅಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸಿಪಾಯಿಗಳಿಗೆ ರಕ್ತ ಬೇಕು, ಒಂದು ಬಾಟಲಿ ಕೊಟ್ಟರೆ ನಿಮಗೇನೂ ಆಗಲ್ಲ, ತಿಂಗಳಲ್ಲಿ ಮತ್ತೆ ಊರುತ್ತದೆ ಅಂದೆ. ಒಬ್ಬ ಮುದುಕಿ ಕೇಳಿದಳು: "ಎಲ್ಲಿ ಸೇತುವೆ ಕಟ್ತಾವ್ರಲಾ? ನಮ್ ರಕ್ತ ಹುಯ್ದ್ರೇನೇ ನಿಲ್ತದಾ ಅದು?" ಸೇತುವೆಗೆ ನರಬಲಿ ಕೊಡುತ್ತಾರೆಂಬ ಹಳೇ ಭಯ, ಅಷ್ಟೇ ಸಾಕಾಯಿತು. ಮನೆ ಮನೆಯ ಬಾಗಿಲು ಹಾಕಿಕೊಂಡವು. ಸಿಕ್ಕಿದ್ದು ಎರಡು ಬಾಟಲಿ, ಸ್ಕೂಲು ಮೇಷ್ಟರದು ಒಂದು, ಅವರ ತಮ್ಮನದು ಒಂದು.

ಎರಡನೆಯದು ಕುಂದಾಣ. ಅಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತಿದ್ದರು. ಕಾಂಪೌಂಡರು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಸಿ ಡಬ್ಬಿ ತೆರೆದು ಮೇಜಿನ ಮೇಲಿಟ್ಟರು. ಸಾಲಿನ ಹಿಂದಿನಿಂದ ಯಾವನೋ ಕೂಗಿದ: "ಹೆಬ್ಬೆಟ್ಟು ಒತ್ತುಸ್ಕಂಡು ಪಲ್ಟನ್‌ಗೆ ಸೇರುಸ್ತಾರೆ ಕಣ್ರೋ!" ಇಪ್ಪತ್ತು ಜನವೂ ರಾಗಿ ಹೊಲ ಬಿದ್ದು ಓಡಿದರು. ಒಬ್ಬ ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿದ. ಡ್ರೈವರು ನಕ್ಕ. ಸಾಹೇಬರು ನಗಲಿಲ್ಲ. ಕೈ ತೊಳೆಯುತ್ತಾ ಆ ಮಾತು ಹೇಳಿದ್ದು ಅವತ್ತೇ.

ಮೂರನೇ ಊರು ನಲ್ಲೂರಿನ ಆಚೆ ಒಂದು ಸಣ್ಣ ಹಳ್ಳಿ. ದೀಪಾವಳಿ ಕಳೆದಿತ್ತು, ಕೆರೆ ತುಂಬಿತ್ತು, ಮನೆಗೊಬ್ಬರಾದರೂ ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗುವ ಕಾಲ. ಹಿಂದಿನ ದಿನ ನಾನು ಹೋದಾಗ ಚಾವಡಿಯ ಮುಂದೆ ಕೊಂಬಿನವನು ಕೂತಿದ್ದ. ಮೈ ಭಾರವಾದವರಿಗೆ, ಜ್ವರ ಬಿಟ್ಟೂ ಬಿಡದವರಿಗೆ ಬೆನ್ನ ಮೇಲೆ ಸಣ್ಣಗೆ ಗೀರಿ, ದನದ ಕೊಂಬು ಕವುಚಿ, ತುದಿಯ ತೂತಿನಲ್ಲಿ ಉಸಿರೆಳೆದು ರಕ್ತ ತೆಗೆಯುವವನು. ತೆಗೆದದ್ದನ್ನು ಗುಂಡಿಗೆ ಸುರಿದು ಬೂದಿ ಮುಚ್ಚುತ್ತಿದ್ದ. ಅವನ ಮುಂದೆ ಏಳೆಂಟು ಜನ ತಮ್ಮ ಸರದಿಗೆ ಕಾಯುತ್ತಾ ಕೂತಿದ್ದರು. ಯಾರನ್ನೂ ಯಾರೂ ಒಪ್ಪಿಸಿರಲಿಲ್ಲ, ತಾವಾಗಿ ಬಂದಿದ್ದರು.

ನಾನು ಅದನ್ನೇ ನೋಡುತ್ತಾ ನಿಂತೆ. ಬಾಯಿ ತಾನೇ ತೆರೆಯಿತು.

"ಈ ಕೊಂಬೆಲ್ಲಾ ಯಾಕಣ್ಣಾ? ನಾಳೆ ದೊಡ್ಡ ಡಾಕ್ಟ್ರು ಬರ್ತಾವ್ರೆ. ಸೂಜೀಲಿ ಕೆಟ್ಟ ರಕ್ತ ತೆಗೀತಾರೆ. ನೋವಿಲ್ಲ, ಗೀರಿಲ್ಲ. ಒಂದು ಬಾಟ್ಲಿ ತೆಗುದ್ರೆ ಮೈ ಹತ್ತಿ ಆಗೋಯ್ತದೆ."

"ಹೆಬ್ಬೆಟ್ಟು?" ಅಂದ ಒಬ್ಬ. ಕುಂದಾಣದ ಸುದ್ದಿ ನನಗಿಂತ ಮುಂಚೆ ಬಂದಿತ್ತು.

"ಇಲ್ಲ. ಹೆಸ್ರು ಹೇಳುದ್ರೆ ಸಾಕು." ಮಸಿ ಡಬ್ಬಿಯನ್ನು ಸಾಹೇಬರು ಕುಂದಾಣದಲ್ಲೇ ಒಳಗಿಡಿಸಿದ್ದರು.

ಕೊಂಬಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನನ್ ಅನ್ನಕ್ಕೆ ಕಲ್ಲು ಹಾಕಕ್ಕೆ ಬಂದ್ಯೇನಪ್ಪಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನ ವ್ಯಾನು ಬರುವ ಹೊತ್ತಿಗೆ ಹುಣಸೆ ಮರಗಳ ಕೆಳಗೆ ನಲವತ್ತು ಜನಕ್ಕಿಂತ ಹೆಚ್ಚಿದ್ದರು. ಸಾಹೇಬರು ನನ್ನ ಬೆನ್ನು ತಟ್ಟಿದರು. ಮೊದಲ ಸಲ ತಟ್ಟಿದ್ದು.

ಕೆಲಸದ ಕ್ರಮ ಹೀಗೆ. ಊರಿನವರ ಹಗ್ಗದ ಮಂಚ ನಾಲ್ಕು ತಂದು ನೆರಳಿಗೆ ಹಾಕುವುದು. ಸ್ಟೌವಿನ ಮೇಲೆ ಸೂಜಿ, ರಬ್ಬರು ಕೊಳವೆ ಕುದಿಸುವುದು. ಬಂದವನ ಕಣ್ಣಿನ ಕೆಳರೆಪ್ಪೆ ಜಗ್ಗಿ ಕೆಂಪಿದೆಯೋ ಬಿಳುಪಿದೆಯೋ ನೋಡುವುದು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿನ ಗಾಜಿಗೆ ಬಿಡುವುದು. ಹನಿ ಮುಳುಗಿದರೆ ರಕ್ತ ಗಟ್ಟಿ, ತೇಲಿದರೆ ತೆಳು, ಅವನನ್ನು ಕಳಿಸಿಬಿಡುವುದು. ಮುಳುಗಿದವನನ್ನು ಮಲಗಿಸಿ, ತೋಳಿಗೆ ಪಟ್ಟಿ ಕಟ್ಟಿ, ಕೈಗೆ ಬಟ್ಟೆಯ ಸುರುಳಿ ಕೊಟ್ಟು ಹಿಸುಕು ಅನ್ನುವುದು. ನರ ಎದ್ದ ಕಡೆ ಸೂಜಿ. ಬಾಟಲಿ ಮಂಚದ ಕೆಳಗೆ. ಬಾಟಲಿಯ ತಳದಲ್ಲಿ ಹೆಪ್ಪುಗಟ್ಟದಂತೆ ಮೊದಲೇ ಔಷಧದ ನೀರಿರುತ್ತದೆ, ತುಂಬುತ್ತಿರುವಾಗ ಅದನ್ನು ಮೆತ್ತಗೆ ಅಲ್ಲಾಡಿಸುತ್ತಿರಬೇಕು. ಹತ್ತು ನಿಮಿಷ. ಆಮೇಲೆ ಚೀಟಿ ಅಂಟಿಸಿ ಐಸಿನ ಪೆಟ್ಟಿಗೆಗೆ, ಕೊಟ್ಟವನಿಗೆ ಬೆಲ್ಲದ ಟೀ.

ಇದೆಲ್ಲಕ್ಕಿಂತ ಮುಂಚೆ ಒಂದು ಪ್ರಶ್ನೆ ಇತ್ತು. ಆರು ತಿಂಗಳ ಒಳಗೆ ಚಳಿಜ್ವರ ಬಂದಿತ್ತೇ? ಬಂದಿದ್ದರೆ ಅವನ ರಕ್ತ ತೆಗೆಯುವ ಹಾಗಿಲ್ಲ. ಆ ಜ್ವರ ರಕ್ತದಲ್ಲೇ ಕೂತಿರುತ್ತದೆ, ಹಾಕಿಸಿಕೊಂಡವನಿಗೂ ಬರುತ್ತದೆ, ಅರ್ಧ ಸತ್ತವನು ಅದರಲ್ಲೇ ಸಾಯುತ್ತಾನೆ ಎಂದು ಸಾಹೇಬರು ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಎರಡು ಸಲ ಹೇಳಿದ್ದರು. ನೀಲಿ ನೀರಿನಲ್ಲಿ ಅದು ಗೊತ್ತಾಗಲ್ಲ, ಕೇಳಿಯೇ ತಿಳಿಯಬೇಕು ಅಂದಿದ್ದರು. ಕೇಳುವವನು ನಾನು.

ಮೊದಲನೆಯವನನ್ನು ಕೇಳಿದೆ.

"ಬಂದಿತ್ತು ಕಣಣ್ಣಾ, ದಿನ ಬಿಟ್ಟು ದಿನ. ಅದಕ್ಕೇ ತಾನೆ ತೆಗುಸ್ಕೊಳಕ್ಕೆ ಬಂದಿರೋದು?" ಅಂದ.

ಆಗ ನನಗೆ ಬಡಿಯಿತು. ಕೆಟ್ಟ ರಕ್ತ ತೆಗೆಯುತ್ತಾರೆ ಎಂದು ಕರೆದರೆ ಬರುವವರು ಯಾರು? ಕಾಯಿಲೆಯವರೇ. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಸಾಹೇಬರು ಸೂಜಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ಹೌದು ಅಂದರೆ ಇವನು ಎದ್ದು ಹೋಗುತ್ತಾನೆ, ಇವನ ಹಿಂದಿನವನೂ ಹೋಗುತ್ತಾನೆ, ನಾನೂ ಹೋಗುತ್ತೇನೆ.

"ನಹೀ ಸಾಬ್," ಅಂದೆ.

ಎರಡನೆಯವನಿಗೂ ಅಂದೆ. ಮೂರನೆಯವನಿಗೆ ಪ್ರಶ್ನೆಯನ್ನೇ ಕೇಳಲಿಲ್ಲ. ಊಟ ಆಯ್ತಾ ಅಂತ ಕೇಳಿದೆ, ಆಯ್ತು ಅಂದ, ನಹೀ ಸಾಬ್ ಅಂದೆ. ಆಮೇಲೆ ಅದೇ ರೂಢಿಯಾಯಿತು. ಮೊದಲ ಸುಳ್ಳಿಗೆ ನಾಲಿಗೆ ಒಣಗಿತ್ತು. ಹತ್ತನೆಯದಕ್ಕೆ ಏನೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಗೌಡರು ಬಂದರು. ಐವತ್ತರ ಹತ್ತಿರ ಇರಬಹುದು, ಕೆರೆ ಕೆಳಗೆ ಗದ್ದೆ ಇದ್ದವರು. ಎರಡು ತಿಂಗಳಿಂದ ಚಳಿ ಬಿಟ್ಟಿಲ್ಲ ಅಂದರು. ನಹೀ ಸಾಬ್ ಅಂದೆ. ಅವರ ಹನಿ ಮುಳುಗಿತು. ಬಾಟಲಿ ತುಂಬಿತು. ಎದ್ದು ಕೂತು ಟೀ ಕುಡಿಯುತ್ತಾ, ಡ್ರೈವರು ಬಾಟಲಿಗಳನ್ನು ಪೆಟ್ಟಿಗೆಗೆ ಜೋಡಿಸುವುದನ್ನು ನೋಡಿದರು. ಕೆಳಗೆ ಮರದ ಹೊಟ್ಟು, ಮೇಲೆ ಐಸು, ಎಳೆ ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಇಡುತ್ತಿದ್ದ.

"ಅಲ್ಲಾ ಕಣಪ್ಪಾ," ಅಂದರು ನನಗೆ, "ಕೊಂಬಿನೋನು ತೆಗುದ್ರೆ ಗುಂಡಿಗ್ ಸುರ್ದು ಬೂದಿ ಮುಚ್ತಾನೆ. ಕೆಟ್ ರಕ್ತಕ್ಕೆ ಐಸ್ ಯಾಕೆ?"

"ಪರೀಕ್ಷೆ ಮಾಡ್ತಾರೆ ಗೌಡ್ರೇ," ಅಂದೆ.

ಡ್ರೈವರಿಗೆ ನನ್ನ ಸುಳ್ಳು ಗೊತ್ತಿರಲಿಲ್ಲ. ತಲೆ ಎತ್ತದೆ, ಉಪಕಾರ ಮಾಡುವವನಂತೆ ಹೇಳಿದ: "ಪರೀಚ್ಚೆ ಇಲ್ಲ ಗೌಡ. ಇದು ಗುಂಡು ಬಿದ್ದ ಸೋಲ್ಜರ್‌ಗೆ ಹಾಕೋದು. ನಾಳೆ ಕಾಲೈಲಿ, ಬೆಳಿಗ್ಗೇನೇ, ಒಳಗೆ ಹೋಗ್ತದೆ."

ಗೌಡರ ಲೋಟ ಕೈಯಲ್ಲೇ ನಿಂತಿತು.

"ನನ್ ಮಗ ಪಲ್ಟನ್‌ನಾಗೆ ಅವ್ನೆ," ಅಂದರು. "ಲಾರಿ ಓಡುಸ್ತಾನೆ, ಬರ್ಮಾ ಕಡೆ. ಮೂರ್ ತಿಂಗ್ಳಾಯ್ತು ಕಾಗ್ದ ಇಲ್ಲ. ಕೆಟ್ ರಕ್ತ ಅಂದ್ಯಲ್ಲಯ್ಯಾ ನೀನು? ಅದನ್ ತಗೊಂಡೋಗಿ ನಮ್ ಹೈಕ್ಳಿಗೆ ಹಾಕ್ತೀರಾ?"

ಎದ್ದು ಪೆಟ್ಟಿಗೆಯ ಹತ್ತಿರ ಹೋದರು. "ನಂದು ಯಾವ್ದು? ನಂದು ಕೊಟ್ಬುಡು. ನಂದು ವಾಪಸ್ ಕೊಟ್ಬುಡಪ್ಪಾ." ಡ್ರೈವರು ಮುಚ್ಚಳ ಹಾಕಿ ಅದರ ಮೇಲೆ ಕೂತ. ಗೌಡರು ಸಾಹೇಬರ ಕಡೆ ತಿರುಗಿ ಕೈ ಮುಗಿದರು. "ಸ್ವಾಮಿ, ಅದು ಜ್ವರದ್ ರಕ್ತ. ಬ್ಯಾಡಿ ಸ್ವಾಮಿ." ಕಣ್ಣಲ್ಲಿ ನೀರು.

ಸಾಹೇಬರು ನನ್ನನ್ನು ಕೇಳಿದರು: ಏನಂತೆ ಇವನದು?

ನಾನು ಹೇಳಿದೆ: ಇವನ ಮಗ ಫೌಜಿನಲ್ಲಿದ್ದಾನೆ ಸಾಬ್. ರಕ್ತ ಕೊಟ್ಟಿದ್ದಕ್ಕೆ ಖುಷಿಯಾಗಿ ಅಳುತ್ತಿದ್ದಾನೆ.

ಸಾಹೇಬರು ಗೌಡರ ಎರಡೂ ಕೈಗಳನ್ನು ಹಿಡಿದುಕೊಂಡು ಶಾಬಾಶ್ ಅಂದರು. ಗೌಡರು ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಸಾಹೇಬರು ಯಾಕೆ ನಗುತ್ತಿದ್ದಾರೆ ಎಂದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು. ನಾನು ಬಗ್ಗಿ ಸ್ಟೌವು ಆರಿಸಲು ಹೋದೆ. ಅದು ಆಗಲೇ ಆರಿತ್ತು.

ಮೂವತ್ಮೂರು ಬಾಟಲಿಯೊಂದಿಗೆ ಹೊರಟೆವು. ದೇವನಹಳ್ಳಿಯ ಮುಸಾಫರಿ ಬಂಗಲೆಯಲ್ಲಿ ಐಸು ಬದಲಿಸಲು ನಿಲ್ಲಿಸಿದರು. ಇನ್ನೂ ಬಿಸಿಲಿತ್ತು. ಡ್ರೈವರು ಬೀಡಿ ಹಚ್ಚಿ ಕೇಳಿದ: "ಆ ಗೌಡ ಯಾಕೋ ಬಾಟ್ಲಿ ವಾಪಸ್ ಕೇಳ್ದ? ಜ್ವರ ಜ್ವರ ಅಂತಿದ್ದ?"

"ನಿಂಗ್ಯಾಕೆ?" ಅಂದೆ.

"ನಂಗೇನೂ ಇಲ್ಲ ಗುರು. ಗಾಡಿ ಓಡ್ಸೋನು ನಾನು," ಅಂದು ಹೊಗೆ ಬಿಟ್ಟ. "ಆದ್ರೆ ಆ ಬಾಟ್ಲಿ ಯಾರಿಗೋ ಹೋಗ್ತದಲ್ಲ."

ಆ ಯಾರೋ ಒಬ್ಬನಿಗೆ ನನ್ನ ಮನಸ್ಸಿನಲ್ಲಿ ಆಗಲೇ ಮುಖ ಬಂದುಬಿಟ್ಟಿತ್ತು. ಗೌಡರ ಮೂಗು, ಗೌಡರ ಹಣೆ, ಆದರೆ ಸಣ್ಣ ವಯಸ್ಸು. ಹೋಗಿ ಸಾಹೇಬರ ಮುಂದೆ ನಿಂತೆ. ಪುಣ್ಯಕ್ಕೆ ಅಂತ ಹೋದೆ ಅನ್ನಲಾರೆ. ಆ ಮುಖವನ್ನು ಹೊತ್ತುಕೊಂಡು ಬೆಂಗಳೂರಿನ ತನಕ ವ್ಯಾನಿನಲ್ಲಿ ಕೂರಲು ಆಗಲಿಲ್ಲ, ಅಷ್ಟೇ. ಹೇಳಿಬಿಟ್ಟೆ. ಕೊಂಬಿನವನಿಂದ ಹಿಡಿದು ಖುಷಿಯ ಕಣ್ಣೀರಿನ ತನಕ.

ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ.

"ಎಷ್ಟು ಜನಕ್ಕೆ ಜ್ವರ ಇತ್ತು?"

"ಗೊತ್ತಿಲ್ಲ ಸಾಬ್. ತುಂಬಾ ಜನರನ್ನು ಕೇಳಲೇ ಇಲ್ಲ."

ಅವರು ಪೆಟ್ಟಿಗೆಗಳ ಮುಚ್ಚಳ ತೆಗೆಸಿದರು. ಆಮೇಲೆ ಎಲ್ಲವನ್ನೂ ಚೆಲ್ಲು ಅಂದರು.

ಒಂದನ್ನಾದರೂ ಉಳಿಸಬೇಕು ಅನ್ನಿಸಿತು ನನಗೆ. ಗರಡಿಯ ಹುಡುಗ ಒಬ್ಬ ಬಂದಿದ್ದ, ಕಂಬದಂಥ ತೋಳು, ಹುಟ್ಟಿದ ಮೇಲೆ ಜ್ವರವೇ ಕಂಡಿಲ್ಲ ಎಂದು ತಾನಾಗಿ ಹೇಳಿದ್ದ. ಅವನದು ಚೆನ್ನಾಗಿದೆ ಸಾಬ್, ನನಗೆ ನೆನಪಿದೆ ಅಂದೆ.

"ನಿನ್ನ ನೆನಪಿನ ಮೇಲೆ ನಾನು ಒಬ್ಬ ಸಿಪಾಯಿಯ ನರಕ್ಕೆ ಇದನ್ನು ಬಿಡಲೇ?" ಅಂದರು.

ಬಂಗಲೆಯ ಹಿಂದೆ ಗುಂಡಿ ತೋಡಿದೆ. ಮೂವತ್ಮೂರು ಬಾಟಲಿಯನ್ನೂ ನಾನೇ ಬಗ್ಗಿಸಿದೆ. ಐಸಿನಲ್ಲಿದ್ದ ರಕ್ತ ತಣ್ಣಗೆ, ನಿಧಾನವಾಗಿ ಇಳಿಯುತ್ತದೆ. ಮಣ್ಣು ಅದನ್ನು ಬೇಗ ಕುಡಿಯಲಿಲ್ಲ. ಗರಡಿಯವನ ಬಾಟಲಿ ಯಾವುದೆಂದು ಚೀಟಿಯಿಂದ ಗೊತ್ತಾಯಿತು, ಅದನ್ನೂ ಸುರಿದೆ. ಕಾಂಪೌಂಡರು ಸುಣ್ಣ ಹಾಕಿದರು. ಖಾಲಿ ಬಾಟಲಿಗಳನ್ನು ತೊಳೆಯುವಾಗ ಅವರು ನನ್ನ ಕಡೆ ನೋಡದೆ ಹೇಳಿದರು, ದಂಡಿನಲ್ಲಿ ಬೆಳಿಗ್ಗೆಗೆ ಇಟ್ಟುಕೊಂಡಿರುವುದು ನಾಲ್ಕೇ ಬಾಟಲಿ ಎಂದು.

ಸಾಹೇಬರು ನನ್ನನ್ನು ಓಡಿಸಲಿಲ್ಲ. ಓಡಿಸಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಅದೇ ಊರಿಗೆ ಹೋಗುತ್ತೇವೆ, ಮುಂಚೆ ನೀನೇ ಹೋಗಿ ನಿಜ ಹೇಳು ಅಂದರು. ಬೇರೆ ಯಾರನ್ನಾದರೂ ಕಳಿಸಿ ಸಾಬ್ ಅಂದೆ. ಕೆಡಿಸಿದವನು ನೀನು, ಇನ್ನೊಬ್ಬ ಹೋಗಿ ಯಾರ ಪರವಾಗಿ ಹೇಳಬೇಕು ಅಂದರು.

ಹೋದೆ. ಅದೇ ಚಾವಡಿ. ಕೂತಿದ್ದವರ ಮುಂದೆ ನಿಂತು, ತಲೆ ತಗ್ಗಿಸಿ, ಗಟ್ಟಿಯಾಗಿ ಹೇಳಿದೆ. ಕೆಟ್ಟ ರಕ್ತ ಅನ್ನೋದು ಸುಳ್ಳು, ಸಿಪಾಯಿಗಳಿಗೆ ಅಂತಲೇ ತೆಗೆದದ್ದು, ಕಾಯಿಲೆಯವರದು ಸೇರಿಹೋಯಿತು ಎಂದು ಎಲ್ಲವನ್ನೂ ಚೆಲ್ಲಿದೆವು.

"ಎಲ್ಲಾನೂವಾ? ನಂದೂನೂವಾ?" ಅಂದ ಗರಡಿಯ ಹುಡುಗ.

"ನಿಂದೂ."

"ಥೂ ನಿನ್ನ. ಒಂದು ಚೆಂಬು ರಕ್ತ ಕಣಲೇ! ಅದನ್ ಮಾಡ್ಕೊಳಕ್ಕೆ ಎಷ್ಟು ಬಾದಾಮಿ ತಿಂದಿದೀನಿ ಗೊತ್ತಾ?"

ಕೊಂಬಿನವನು ಮೂಲೆಯಿಂದ ಅಂದ: "ನನ್ ಕೊಂಬಿಗೆ ಬಾಯಿಲ್ಲ ಕಣಪ್ಪಾ. ಅದಕ್ಕೇ ಅದು ಸುಳ್ಳು ಹೇಳಲ್ಲ."

ನಗು ಎದ್ದಿತು. ಈ ಸಲ ನಾನು ನಗಲಿಲ್ಲ. ಗೌಡರು ಕಂಬಕ್ಕೆ ಒರಗಿ ಕೂತಿದ್ದರು. ಅವರು ಮಾತ್ರ ಒಂದು ಮಾತು ಕೇಳಿದರು. "ಚೆಲ್ಲಿದ್ದು ದಿಟ ತಾನೆ?" "ದಿಟ ಗೌಡ್ರೇ. ನಾನೇ ಚೆಲ್ಲಿದೆ." ಅವರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ವಾರದಿಂದ ಹಿಡಿದಿಟ್ಟಿದ್ದಂತೆ ಇತ್ತು.

ಅಷ್ಟರಲ್ಲಿ ಗರಡಿಯ ಹುಡುಗ ಕೇಳಿದ: "ನೀನ್ ಯಾವತ್ತಾದ್ರೂ ಕೊಟ್ಟಿದೀಯೇನ್ಲಾ?"

ಕೊಟ್ಟಿರಲಿಲ್ಲ. ಸೂಜಿ ಅಂದರೆ ನನಗೆ ಭಯ. ಊರೂರು ಸುತ್ತಿ ಏನೂ ಆಗಲ್ಲ ಬನ್ನಿ ಅಂದವನು ನಾನು.

ಮಾರನೆಯ ದಿನ ಮರದ ಕೆಳಗೆ ಮಂಚ ಹಾಕಿದ ಮೇಲೆ ಮೊದಲು ನಾನೇ ಮಲಗಿದೆ. ಸಿಪಾಯಿಗಾಗಿ ಕೊಟ್ಟೆ ಅಂದರೆ ಅದೂ ಸುಳ್ಳಾಗುತ್ತದೆ. ಅಷ್ಟು ಜನರ ಕಣ್ಣಿನ ಮುಂದೆ ನಿಂತಿರಲು ಆಗದೆ ಮಲಗಿದೆ. ಬಾಟಲಿ ತುಂಬುವವರೆಗೂ ಹುಣಸೆ ಎಲೆ ನೋಡುತ್ತಿದ್ದೆ. ಎದ್ದು ಟೀ ಕುಡಿದು ನನ್ನ ಜಾಗದಲ್ಲಿ ನಿಂತಾಗ ಮುಂದೆ ಹನ್ನೊಂದು ಜನ ಸಾಲಾಗಿದ್ದರು. ಯಾಕೆ ಬಂದರೋ. ಒಬ್ಬನ ಭಾವಮೈದ ದಂಡಿನಲ್ಲಿದ್ದ. ಇಬ್ಬರು ಗರಡಿಯವನ ಎದುರು ಹಿಂಜರಿದವರು ಅನ್ನಿಸಿಕೊಳ್ಳಬಾರದೆಂದು ಬಂದಿದ್ದರು. ಗರಡಿಯವನದು ಒಂದು ವಾರದ ಹಿಂದೆ ತಾನೆ ತೆಗೆದದ್ದು, ಅವನನ್ನು ಮಲಗಿಸಲಿಲ್ಲ. ಆದರೂ ಎಲ್ಲರ ತೋಳು ಮುಟ್ಟಿ ನೋಡಿ ಇವನದು ನಡೀತದೆ, ಇವನದು ನೀರು ಎಂದು ಹೇಳುತ್ತಾ ಓಡಾಡುತ್ತಿದ್ದ. ಒಬ್ಬ, ಯಾಕೆ ಕೊಡ್ತೀಯಾ ಅಂತ ನಾನು ಕೇಳಿದರೆ, "ನೀನ್ ಕೇಳ್ದೆ, ಕೊಡ್ತೀನಿ. ಇನ್ನೇನು?" ಅಂದ.

ಪ್ರಶ್ನೆಯನ್ನು ಒಬ್ಬೊಬ್ಬರಿಗೂ ಪೂರ್ತಿ ಕೇಳಿದೆ. ಹೌದು ಅಂದವರಿಗೆ ಹಾಂ ಸಾಬ್, ಇಲ್ಲ ಅಂದವರಿಗೆ ನಹೀ ಸಾಬ್. ನಾಲ್ಕು ಜನ ಎದ್ದು ಹೋದರು.

ಸಾಲಿನ ಕೊನೆಗೆ ಗೌಡರು. ತಲೆಗೆ ಸ್ನಾನ ಮಾಡಿದ್ದರು, ಒಗೆದ ಅಂಗಿ ಹಾಕಿದ್ದರು. ವಾರಕ್ಕೆ ಎರಡನೇ ಸಲ ತೆಗೆಯುವ ಹಾಗಿಲ್ಲ ಅನ್ನುವುದು ಅವರಿಗೂ ಗರಡಿಯವನನ್ನು ನೋಡಿ ಗೊತ್ತಾಗಿರಬೇಕು. ನಾನು ಬಾಯಿ ತೆರೆಯುವ ಮುಂಚೆಯೇ ಅಂದರು: "ನಂದು ಅವತ್ತು ತೆಗುದ್ದು ಲೆಕ್ಕಕ್ಕಿಲ್ಲ ಕಣಪ್ಪಾ, ಚೆಲ್ಲುದ್ರಲ್ಲ. ಈಗ ಒಳ್ಳೇದು ತಗಳ್ಳಿ."

ವಾರದ ಲೆಕ್ಕ ಹೇಳಿಯೇ ಅವರನ್ನು ಕಳಿಸಬಹುದಿತ್ತು, ಆದರೂ ಎಲ್ಲರಿಗೂ ಕೇಳಿದ್ದನ್ನು ಅವರಿಗೂ ಕೇಳಿದೆ. "ಗೌಡ್ರೇ, ಆರು ತಿಂಗಳಲ್ಲಿ ಚಳಿಜ್ವರ ಬಂದಿತ್ತಾ?"

ಅವರು ನನ್ನ ಕಣ್ಣಿಗೆ ಕಣ್ಣಿಟ್ಟು ಹೇಳಿದರು: "ಇಲ್ಲ."

ಅವರ ಕಣ್ಣು ಜ್ವರಕ್ಕೆ ಕೆಂಪಾಗಿತ್ತು. ತುಟಿ ಒಣಗಿತ್ತು. ಆ ಬೆಳಿಗ್ಗೆಯೂ ಚಳಿ ಬಂದು ಹೋಗಿತ್ತು ಅನ್ನುವುದು ಯಾರಿಗಾದರೂ ಕಾಣುವಂತಿತ್ತು. ಒಂದು ಕಾಗದವೂ ಬಾರದ ಮಗನಿಗೆ ಇನ್ನು ಯಾವ ದಾರಿಯಲ್ಲೂ ಏನನ್ನೂ ಕಳಿಸಲಾರದ ಮನುಷ್ಯ, ಅಂಗಿಯ ತೋಳು ಮಡಿಸಿಕೊಂಡು ಮಂಚದ ಮೇಲೆ ಕೂತಿದ್ದರು. ಸುಳ್ಳು ಹೇಳಿದರೆ ಇಲ್ಲಿ ನಡೆಯುತ್ತದೆ ಎಂದು ಅವರಿಗೆ ಕಲಿಸಿದವನು ನಾನು.

ಸಾಹೇಬರು ನನ್ನ ಕಡೆ ನೋಡಿದರು.

"ಹಾಂ ಸಾಬ್," ಅಂದೆ. "ಬುಖಾರ್ ಹೈ." ಜ್ವರ ಇದೆ ಎಂದು.

ಸಾಹೇಬರು ಗೌಡರ ತೋಳಿನ ಅಂಗಿಯನ್ನು ತಾವೇ ಮೆಲ್ಲಗೆ ಇಳಿಸಿದರು, ಗುಳಿಗೆ ಕೊಡಲು ಕಾಂಪೌಂಡರಿಗೆ ಹೇಳಿದರು. ಗೌಡರಿಗೆ ಹಿಂದೂಸ್ತಾನಿ ಬರುತ್ತಿರಲಿಲ್ಲ, ಆದರೆ ಹಾಂ ಅನ್ನುವುದು ಗೊತ್ತಾಗದವರು ಯಾರು? ಅವರು ಮಂಚದಿಂದ ಏಳಲಿಲ್ಲ. ಕೋಪವೂ ಇರಲಿಲ್ಲ ದನಿಯಲ್ಲಿ.

"ಅವತ್ತು ನಾನ್ ಹೂಂ ಅಂದೆ, ನೀನು ಇಲ್ಲ ಅಂದೆ. ಇವತ್ತು ನಾನ್ ಇಲ್ಲ ಅಂದೆ, ನೀನು ಹೂಂ ಅಂತೀಯ," ಅಂದರು. "ನಾನಂದ ಮಾತು ನಾನಂದಂಗೆ ನಿನ್ ಬಾಯಲ್ಲಿ ಯಾವತ್ತಪ್ಪಾ ಬರೋದು?"

ಗುಳಿಗೆಯನ್ನು ಯಾವ ಹೊತ್ತಿಗೆ, ಎಷ್ಟು ನುಂಗಬೇಕು ಎಂದು ಸಾಹೇಬರು ಹೇಳುತ್ತಿದ್ದರು. ಅದನ್ನು ಒಂದು ಮಾತೂ ಬಿಡದೆ ಅವರಿಗೆ ಹೇಳಿದೆ. ಅವರು ನನ್ನನ್ನು ನೋಡದೆ ಸಾಹೇಬರ ಬೆರಳನ್ನೇ ನೋಡುತ್ತಾ, ಎಣಿಸಿಕೊಂಡರು.